ಸಾಮಾನು ಸೇಫಾಗಿದೆ ಮೇಡಂ

"ಸಾಮಾನು ಸೇಫಾಗಿದೆ ಮೇಡಂ, ಟೆನ್ಷನ್ ಮಾಡ್ಕೋಬೇಡಿ. ಇನ್ನೊಂದು 14 ಸಾವಿರ ಹಾಕ್ಸಿ, ಗಾಡಿ ಎತ್ತೀನಿ."

ಬೆಂಗಳೂರು ಬಿಟ್ಟು ಶಿರಸಿಗೆ ಬಂದ ನಮ್ಮ ಮನೆ ಸಾಮಾನಿನ ಗಾಡಿ ಡ್ರೈವರಿಂದ ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಬಂದ ಫೋನು. ಎಷ್ಟು ಮರ್ಯಾದೆಯಿಂದ ಹೇಳ್ದ ಅಂದ್ರೆ ನಾನು ಥ್ಯಾಂಕ್ಸ್ ಅಂದು ಇಟ್ಟೇಬಿಟ್ಟೆ, ಆಮೇಲೆ ಕೈಕಾಲು ತಣ್ಣಗಾಯ್ತು. ಗಾಡಿ ಹಾವೇರಿ ದಾಟಿ ಯಾವ್ದೋ ಢಾಬಾದ ಹತ್ರ ನಿಂತಿದೆ, ಒಳಗೆ ನಮ್ಮ 11 ವರ್ಷದ ಬೆಂಗಳೂರು ಸಂಸಾರ, ಫ್ರಿಜ್ಜು, ವಾಷಿಂಗ್ ಮಷೀನು, ಮಗಳ ಸೈಕಲ್ಲು, 43 ಬಾಕ್ಸು, ಅದ್ರ ಮಧ್ಯ ಆಯಿ, ಅಂದ್ರೆ ಅಮ್ಮ, ಹೋದ ವರ್ಷ ಕಳ್ಸಿದ್ದ ಅಪ್ಪೆಮಿಡಿ ಭರಣಿ. ಶಿರಸಿಯಿಂದ ಹೋದ ಉಪ್ಪಿನಕಾಯಿ ಬಾಡಿಗೆ ಕೊಟ್ಕೊಂಡು ವಾಪಸ್ ಶಿರಸಿಗೇ ಬರ್ತಾ ಇತ್ತು, ಅದೂ ಅರ್ಧ ದಾರೀಲಿ ಒತ್ತೆ ಬಿತ್ತು.

ತಪ್ಪು ಅರ್ಧ ನಮ್ಮನೆಯವ್ರದ್ದು, ಅರ್ಧ ನಂದು. ಇವ್ರು ಮೊಬೈಲಲ್ಲಿ ಸಾಮಾನು ಸಾಗಿಸೋರನ್ನ ಹುಡುಕಿ ನಂಬರ್ ಕೊಟ್ಟಿದ್ದೇ ತಡ ಸಾಲಾಗಿ ಒಂಬತ್ತು ಕಾಲ್. ಎಲ್ಲರೂ 26, 28 ಸಾವಿರ ಅಂತಿದ್ರೆ ಒಬ್ಬ ಮಾತ್ರ "16 ಸಾವಿರ ಸರ್, ಪ್ಯಾಕಿಂಗ್, ಲೋಡಿಂಗ್, ಅನ್‌ಲೋಡಿಂಗ್ ಎಲ್ಲಾ ಸೇರಿ" ಅಂದ. ಮನೆಗೆ ಬಂದು ಸಾಮಾನು ನೋಡ್ಲೇ ಇಲ್ಲ, ವಾಟ್ಸಾಪಲ್ಲಿ ಲಿಸ್ಟ್ ಕಳ್ಸಿ ಸಾಕು ಅಂದ. ಹೆಸರು ಒಂದು ದೊಡ್ಡ ಕಂಪನಿಯದ್ದೇ, ಹಿಂದೊಂದು ಶಬ್ದ ಅಂಟಿಸಿದ್ದು ಅಷ್ಟೇ. 5 ಸಾವಿರ ಅಡ್ವಾನ್ಸ್ ಫೋನ್‌ಪೇ ಮಾಡಿದ್ವಿ. ಟೊಮ್ಯಾಟೊಗೆ ಎರಡು ರೂಪಾಯಿ ಚೌಕಾಸಿ ಮಾಡೋ ಮನುಷ್ಯ ಮುಖ ನೋಡದೇ ಇರೋನಿಗೆ ಐದು ಸಾವಿರ ಕೊಟ್ಟು "ಚಲೋ ಡೀಲ್" ಅಂತ ಎರಡು ದಿನ ಓಡಾಡಿದ್ರು. ನಾನೂ ಖುಷಿಯಲ್ಲೇ ಇದ್ದೆ, ಸುಳ್ಳು ಯಾಕೆ ಹೇಳ್ಲಿ.

ಮುಚ್ಚಿದ ಕಂಟೇನರ್ ಅಂದಿದ್ದ, ಬಂದಿದ್ದು ತಾಡಪಾಲು ಕಟ್ಟಿದ ಕ್ಯಾಂಟರ್. ಬಿಲ್ಟಿ, ಅಂದ್ರೆ ಸಾಮಾನು ಸಾಗಿಸೋ ರಸೀದಿ, ಕೇಳಿದ್ದಕ್ಕೆ ಹುಡುಗ್ರು ಒಂದು ಪ್ರಿಂಟೆಡ್ ಹಾಳೆ ಕೊಟ್ರು, ಅದ್ರಲ್ಲಿ ಸಾಮಾನಿನ ಲಿಸ್ಟೂ ಇಲ್ಲ, ಬಾಕಿ ಎಷ್ಟು ಅಂತ್ಲೂ ಇಲ್ಲ. ಸಹಿ ಹಾಕಿ ರಾತ್ರಿ ಬಸ್ಸಿಗೆ ಹೊರಟ್ವಿ.

ಫೋನ್ ಬಂದಾಗ ಚಿಕ್ಕಪ್ಪನ ಮಗ ಇಲ್ಲೇ ಇದ್ದ, ಅವನದ್ದೂ ಒಂದು ಟೆಂಪೋ ಇದೆ. "ಅಕ್ಕಾ, ದುಡ್ಡು ಹಾಕಡ, ಬೇಡ, ಗಾಡಿ ನಂಬರ್ ಹೇಳು" ಅಂದ. ಗಾಡಿ ದಾಖಲೆ ತೋರ್ಸೋ ಸರ್ಕಾರಿ ಎಂಪರಿವಾಹನ್ ಆಪಲ್ಲಿ ನೋಡಿದ್ರೆ ಗಾಡಿದು ಎಲ್ಲ ಸರಿ ಇದೆ. ಆಮೇಲೆ ಕೊಟೇಶನ್ ಇಸ್ಕೊಂಡು ಜಿಎಸ್‌ಟಿ ನಂಬರಿಗೆ ಬೆರಳಿಟ್ಟ. ಮೊದಲ ಎರಡು ಅಂಕಿ ರಾಜ್ಯದ ಕೋಡಂತೆ, ಕರ್ನಾಟಕದ್ದು 29. ಯಶವಂತಪುರದಲ್ಲಿ ಆಫೀಸು ಅಂದವನದ್ದು 07, ದೆಹಲಿ! ಜಿಎಸ್‌ಟಿ ವೆಬ್‌ಸೈಟಲ್ಲಿ ಹಾಕಿದ್ರೆ ಬೇರೆ ಯಾರದ್ದೋ ಹೆಸರು, ಅದೂ ಕ್ಯಾನ್ಸಲ್ ಆಗಿದೆ. ಎರಡು ನಿಮಿಷದ ಕೆಲಸ. ಅಡ್ವಾನ್ಸ್ ಹಾಕೋ ಮೊದ್ಲು ಮಾಡ್ಬೇಕಿತ್ತು. ಅಡ್ವಾನ್ಸ್ ತಗೊಂಡವನ ಫೋನು ಅಷ್ಟೊತ್ತಿಗೆ ಸ್ವಿಚಾಫ್.

ಸಿಟ್ಟೆಲ್ಲ ಡ್ರೈವರ್ ಮೇಲೆ ಹೋಯ್ತು. ಫೋನ್ ಹಚ್ಚಿ 112ಕ್ಕೆ ಹೇಳ್ತೇನೆ, ಕಂಪ್ಲೇಂಟ್ ಕೊಡ್ತೇನೆ ಅಂತ ಬಾಯಿಗೆ ಬಂದಂಗೆ ಕೂಗಿದೆ. ಅವ್ನು ಪೂರ್ತಿ ಕೇಳಿ, "ಕೊಡಿ ಮೇಡಂ, ನಂಗೂ ಅವ್ನು ಬೇಕು" ಅಂದ.

ಕತೆ ಏನಂದ್ರೆ, ನಮ್ಮ ಲೋಡನ್ನ ಅಡ್ವಾನ್ಸ್ ತಗೊಂಡ ಆ ಮನುಷ್ಯ ಈ ಡ್ರೈವರಿಗೆ 18 ಸಾವಿರಕ್ಕೆ ಮಾತಾಡಿ ದಾಟಿಸಿದ್ದ, "ಎಲ್ಲಾ ಪಾರ್ಟಿ ಕೊಡ್ತಾರೆ" ಅಂತ. ನಾವು ಇಳಿಸಿದ ಮೇಲೆ ಕೊಡೋ ಬಾಕಿ 11 ಸಾವಿರ. ಶಿರಸಿಗೆ 400 ಕಿಲೋಮೀಟರ್, ಖಾಲಿ ವಾಪಸ್ ಹೋದ್ರೆ ಮತ್ತೆ 400, ಡೀಸೆಲ್ಲಿಗೇ ಹತ್ತು ಸಾವಿರದ ಮೇಲಾಗ್ತದೆ ಅಂತ ತಮ್ಮ ಅಲ್ಲೇ ಲೆಕ್ಕ ಹಾಕಿದ. ಟೋಲು, ಹುಡುಗರ ಕೂಲಿ ಬೇರೆ. ಅಂದ್ರೆ 16 ಸಾವಿರ ಅನ್ನೋದು ಶುರುವಿಂದ್ಲೇ ಆಗದ ರೇಟು. ಬುಕಿಂಗ್ ತಗೊಂಡವನಿಗೆ ಆ ಐದು ಸಾವಿರ ಸಿಕ್ಕಲ್ಲಿಗೆ ಬಿಸಿನೆಸ್ ಮುಗೀತು, ಆಮೇಲೆ ನಾವೂ ಡ್ರೈವರೂ ರಸ್ತೆ ಮೇಲೆ ಜಗಳ ಆಡ್ಕೊಂಡು ಸಾಯೋದು. ಉಳಿಯೋ ಹತ್ತು ಸಾವಿರ ಯಾರ ಕಿಸೆಯಿಂದ ಉಳೀತಾ ಇದೆ ಅಂತ ನಾನೂ ಕೇಳಿರ್ಲಿಲ್ಲ.

"ಮೊದ್ಲು ಮನೆಗೆ ಬಾ, ಎದುರಿಗೆ ಕೂತು ಮಾತಾಡೋಣ" ಅಂತ ಅಪ್ಪಯ್ಯ ಫೋನ್ ಇಸ್ಕೊಂಡು ಹೇಳಿದ್ರು. ಹನ್ನೊಂದಕ್ಕೆ ಗಾಡಿ ಅಂಗಳದ ಹೊರಗೆ ನಿಂತಾಗ ನಾನು ಬೈಯೋಕೆ ರೆಡಿಯಾಗಿ ಜಗಲಿಗೆ ಬಂದ್ರೆ, ಆಯಿ ಆಗ್ಲೇ "ಆಸ್ರಿಗೆ ಎಂತ ಬೇಕು? ಕಷಾಯ ಅಡ್ಡಿ ಇಲ್ಯನಾ?" ಅಂತ ಕೇಳಾಗಿತ್ತು! ಕುಡಿಯೋಕೆ ಏನು ಬೇಕು ಅನ್ನೋ ಪ್ರಶ್ನೆಯೇ ಡ್ರೈವರಿಗೆ ಅರ್ಥ ಆಗ್ಲಿಲ್ಲ, ತಲೆಯಾಡಿಸಿದ, ಎರಡು ಲೋಟ ಕುಡ್ದ. ರಾತ್ರಿಯಿಡೀ ಮಳೇಲಿ ಮೂರು ಸಲ ಗಾಡಿ ನಿಲ್ಸಿ ತಾಡಪಾಲು ಬಿಗಿ ಮಾಡಿದ್ನಂತೆ. ನೋಡಿದ್ರೆ ಹೌದು, ಹಾಸಿಗೆ ಕೂಡ ಒದ್ದೆ ಆಗಿರ್ಲಿಲ್ಲ.

ಬಾಕಿ 11, ಮೇಲೆ 3 ಕೊಟ್ಟು ಮುಗಿಸಿದ್ವಿ. ಅಡ್ವಾನ್ಸಿನ ಬಗ್ಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಗ್ರಾಹಕರ ಸಹಾಯವಾಣಿ 1915ಕ್ಕೂ ಹೇಳಿಯಾಗಿದೆ, ನೋಡ್ಬೇಕು. "ನಂಗೆ ಒಂದು ಮಾತು ಕೇಳಿದ್ರೆ..." ಅಂತ ಈಗ ದಿನಾ ಒಬ್ಬರು ಬಂದು ಹೋಗ್ತಿದ್ದಾರೆ, ಅವರಿಗೂ ಕಷಾಯ.

ಆ ಮಾತು ಮಾತ್ರ ರಾತ್ರಿ ಮಲಗಿದಾಗ ಮತ್ತೆ ಬರ್ತದೆ. ಸಾಮಾನು ಸೇಫಾಗಿದೆ ಮೇಡಂ. ಹೆದರಿಸೋಕೆ ಹೇಳಿದ್ನಾ, ಮೂರು ಸಲ ನೆನೆದು ಹಗ್ಗ ಬಿಗಿದ ಮನುಷ್ಯ ಇದ್ದದ್ದು ಇದ್ದಂಗೆ ಹೇಳಿದ್ನಾ? ಎರಡೂ ಇರ್ಬಹುದು, 14 ಸಾವಿರ ಅಂತೂ ಕೇಳಿದ್ನಲ್ಲ.

ಭರಣಿ ಒಡೆದಿಲ್ಲ. ಬಾಕ್ಸು 43 ಎಣಿಸಿ ಇಳಿಸ್ಕೊಂಡಿದ್ದೇವೆ. ಕುಕ್ಕರಿನ ಸೀಟಿ ಯಾವ ಬಾಕ್ಸಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ಲ.