ಹಳಗನ್ನಡದ ೞ ಅನ್ನು ಹೇಗೆ ಹೇಳಬೇಕು?

ಹಳಗನ್ನಡ ಓದಲು ಕೂತವರೆಲ್ಲ ಕೇಳುವ ಪ್ರಶ್ನೆ ಇದು. ೞ ಎಂಬುದು ಈಗ ಬಳಕೆ ತಪ್ಪಿದ ಅಕ್ಷರ, ಅದರ ಜಾಗದಲ್ಲಿ ನಾವು ಹೆಚ್ಚಾಗಿ ಳ ಬರೆಯುತ್ತೇವೆ. ಕಾಸರಗೋಡಿನವರಿಗೆ ಉತ್ತರ ನೆರೆಮನೆಯಲ್ಲೇ ಇದೆ. ಮಲಯಾಳ ಮಾತಾಡುವವರು ಮಳೆಗೆ ‘ಮೞ’ ಅನ್ನುವಾಗ ಕೇಳುವ ದನಿಯೇ ಅದು, ಅಥವಾ ಅದಕ್ಕೆ ತೀರ ಹತ್ತಿರದ್ದು.

ಧ್ವನಿಮುದ್ರಣವೇ ಇಲ್ಲದ ಕಾಲದ ಬಗ್ಗೆ ಹೀಗೆ ಹೇಳಲು ಆಧಾರ? ನಾವು ದಿನವೂ ಆಡುವ ‘ಬೀಳು, ಬಿದ್ದು’. ಮೂಲ ರೂಪ ಬೀೞ್. ಅದು ಬಿೞ್ದು, ಬಿರ್ದು ಆಗಿ ಕೊನೆಗೆ ಬಿದ್ದು ಆಯಿತು. ‘ಏಳು, ಎದ್ದು’ ಕೂಡ ಹಾಗೆಯೇ. ಸ್ವರಗಳ ನಡುವೆ ಳ, ಮುಂದೆ ವ್ಯಂಜನ ಬಂದಲ್ಲಿ ರ್. ಹೀಗೆ ಎರಡು ದಾರಿ ಹಿಡಿದ ದನಿ ಎರಡಕ್ಕೂ ನೆಂಟನೇ ಇರಬೇಕು. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಪಟ್ಟಿ ಬೇಕಾಯಿತೆಂದರೆ ಆಗಲೇ ಜನ ತಪ್ಪುತ್ತಿದ್ದರು ಎಂದೇ ಅರ್ಥ.

ಹಾಗೆಂದು ಕಂಡ ಳಕಾರವನ್ನೆಲ್ಲ ೞ ಮಾಡಬೇಡಿ. ಬಾಳೆಗೆ ಮಲಯಾಳದಲ್ಲಿ ವಾೞ, ಕೋಳಿಗೆ ಕೋೞಿ. ಆದರೆ ಹುಳಿಗೆ ಪುಳಿ, ಬಳೆಗೆ ವಳ. ಅನುಮಾನ ಬಂದರೆ ಮಲಯಾಳದ ಪದ ನೋಡಿ.

ಳ ಹೇಳುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ, ಉಸಿರು ಬದಿಗಳಿಂದ ಹೋಗುತ್ತದೆ. ೞ ಹೇಳುವಾಗ ತುದಿ ಅಂಗುಳದತ್ತ ಏಳುತ್ತದೆ, ತಾಗುವುದಿಲ್ಲ. ಉಸಿರು ನಡುವಿನಿಂದಲೇ ಸರಾಗ ಹೊರಡುತ್ತದೆ. ಬುಸುಗುಟ್ಟುವ ಸದ್ದು ಬಂದರೆ ತಪ್ಪು. ಕೇರಳದ ಕೋೞಿಕ್ಕೋಡನ್ನು ‘ಕೋಝಿಕ್ಕೋಡ್’ ಎಂದು ಬರೆಯುವ ರೂಢಿ ನಮ್ಮ ಕಿವಿ ಕೆಡಿಸಿದೆ. ಅದಕ್ಕಿಂತ ಹಳೆಯ ಕಲ್ಲಿಕೋಟೆಯೇ ವಾಸಿ.

ನಂಬಿಕೆ ಬಾರದಿದ್ದರೆ ಧ್ವನಿವಿಜ್ಞಾನಿಗಳ ಹಳೆಯ ಉಪಾಯವಿದೆ: ನಾಲಗೆಗೆ ಕಪ್ಪು ಬಳಿದು, ಅದು ಅಂಗುಳದಲ್ಲಿ ಎಲ್ಲಿ ಅಂಟಿತೆಂದು ನೋಡುವುದು. ಮೆಡಿಕಲ್ ಶಾಪಿನ ಆಕ್ಟಿವೇಟೆಡ್ ಚಾರ್ಕೋಲ್ ಪುಡಿ, ಅಡುಗೆಯ ಎಣ್ಣೆ ಎರಡನ್ನೂ ಸಮಸಮ ಕಲಸಿ, ಮೆತ್ತನೆಯ ಬ್ರಷ್ಷಿನಲ್ಲಿ ನಾಲಗೆಗೆ ಹಚ್ಚಿ. ಒಲೆಯ ಮಸಿ ಬೇಡ. ಮಾತ್ರೆ ಸೇವಿಸುವವರು ಇದನ್ನು ಮಾಡಲೇಬೇಡಿ, ಈ ಇದ್ದಿಲು ಔಷಧವನ್ನು ಹೀರುತ್ತದೆ. ನಾಲಗೆ ತುದಿಯ ಅಡಿಭಾಗಕ್ಕೂ ಹಚ್ಚಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಳ ತಾಗುವುದು ಅಡಿಭಾಗದಿಂದ, ಮೇಲೆ ಮಾತ್ರ ಹಚ್ಚಿದರೆ ಗುರುತೇ ಮೂಡದು. ‘ವಳ’ ಎಂದು ಒಂದೇ ಸಲ ಹೇಳಿ, ಉಗುಳು ನುಂಗದೆ ಬಾಯಿ ತೆರೆದು, ಬಿಸಿನೀರಲ್ಲಿ ಅದ್ದಿ ಒರೆಸಿದ ಪುಟ್ಟ ಕನ್ನಡಿ ಹಿಡಿದು ಮೇಲಂಗುಳದ ಫೋಟೋ ತೆಗೆಸಿ. ತಣ್ಣನೆ ಕನ್ನಡಿ ಉಸಿರಿಗೆ ಮಂಜಾಗುತ್ತದೆ. ಬಾಯಿ ತೊಳೆದು, ಮತ್ತೆ ಹಚ್ಚಿ, ‘ಮೞ’ ಹೇಳಿ. ಈ ಎರಡು ಪದಗಳೇ ಏಕೆಂದರೆ ಅವುಗಳ ಮ, ವ ತುಟಿಯ ಕೆಲಸ. ಅಂಗುಳಕ್ಕೆ ಬೇರೆ ಗುರುತು ಬೀಳುವುದಿಲ್ಲ. ಎರಡನೆಯ ಫೋಟೋದಲ್ಲೂ ಅಂಗುಳದ ನಡುವೆ ಕಪ್ಪು ಕಂಡರೆ ನೀವು ಹೇಳಿದ್ದು ‘ಮಳ’.