ಫೆಬ್ರವರಿಯಲ್ಲಿ ಹಪುತಲೆಗೆ

ಶ್ರೀಲಂಕಾದ ಬೆಟ್ಟದ ಊರು ಅಂದರೆ ನಮ್ಮ ಕಡೆಯವರು ಹೇಳುವುದು ಎರಡೇ ಹೆಸರು. ಒಂದು ನುವರ ಎಳಿಯ, ಇನ್ನೊಂದು ‘ಎಲ್ಲಾ’ ಎನ್ನುವ ಪುಟ್ಟ ಪೇಟೆ. ಎರಡನ್ನೂ ನಾನು ನೋಡಿದ್ದೇನೆ, ಎರಡೂ ಇಷ್ಟವಾಗಿವೆ. ಈ ಸಲ ಮಾತ್ರ ನಮ್ಮ ಮನೆಯವರು ಮತ್ತು ಗೆಳೆಯನ ಮನೆಯವರು ಸೇರಿ ಹೊರಟಿರುವುದು ಅವೆರಡರ ನಡುವೆ ಇರುವ ಹಪುತಲೆಗೆ. ಯಾಕೆ ಅಲ್ಲಿಗೆ, ಯಾವಾಗ ಹೋದರೆ ಒಳ್ಳೆಯದು, ರೈಲು ಹೇಗೆ ಅಂತ ಸುಮಾರು ಜನ ಕೇಳಿದರು. ಎಲ್ಲರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುತ್ತೇನೆ.

ಹಪುತಲೆ ಸುಮಾರು 1400 ಮೀಟರ್ ಎತ್ತರದಲ್ಲಿ, ಒಂದು ಗುಡ್ಡದ ಏಣಿನ ಮೇಲೆ ಕೂತ ಊರು. ಪೇಟೆಯ ಒಂದು ಬದಿ ನಿಂತರೆ ದಕ್ಷಿಣದ ಬಯಲು ಕೆಳಗೆ ದೂರದವರೆಗೆ ಕಾಣುತ್ತದೆ, ತಿರುಗಿ ನಿಂತರೆ ಊವ ಪ್ರಾಂತ್ಯದ ಗುಡ್ಡಗಳು. ಸುತ್ತಲೂ ಟೀ ತೋಟ. ದೊಡ್ಡ ಹೋಟೆಲುಗಳು ಕಮ್ಮಿ, ಪೇಟೆ ಅಲ್ಲಿನವರಿಗಾಗಿಯೇ ಇರುವ ಪೇಟೆ: ತರಕಾರಿ ಅಂಗಡಿ, ಬಸ್ ನಿಲ್ದಾಣ, ಬೀದಿ ಪಕ್ಕದಲ್ಲೇ ರೈಲು ಹಳಿ. ನನಗೆ ಇಂಥ ಊರೇ ಬೇಕು.

ಆದರೆ ಹಪುತಲೆಯನ್ನು ಆರಿಸಿದ್ದು ಅದಕ್ಕಷ್ಟೇ ಅಲ್ಲ. ನಾನು ಸುಳ್ಯದವನು. ನಮ್ಮ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆಯಲ್ಲ, ಅಲ್ಲಿ ಟ್ಯಾಪಿಂಗ್ ಮಾಡುವ ಕುಟುಂಬಗಳಲ್ಲಿ ಹೆಚ್ಚಿನವರ ಹಿರಿಯರು ಶ್ರೀಲಂಕಾದ ಟೀ ತೋಟಗಳಿಂದ ಬಂದವರು. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳೆಯ ಅಂಥ ಮನೆಯವನು. ಅವನ ಅಜ್ಜಿ ಹುಟ್ಟಿದ್ದು ಹಪುತಲೆ ಹತ್ತಿರದ ಎಸ್ಟೇಟಿನಲ್ಲಿ. ಅವರ ಬಾಯಲ್ಲಿ ಅದು ಅಪ್ಪುತ್ತಳೆ, ಹತ್ತಿರದ ಬಂಡಾರವೆಲ ಎಂಬ ಊರು ಬಂಡಾರವಳೆ. ಈಗ ಅಜ್ಜಿಗೆ ಪ್ರಯಾಣ ಮಾಡುವ ಶಕ್ತಿ ಇಲ್ಲ. ಮೊಮ್ಮಗ ಹೋಗಿ ನೋಡಿ ಬರಲಿ ಅನ್ನುವುದು ಅವರ ಆಸೆ. ನಮ್ಮ ಪ್ಲ್ಯಾನ್ ಶುರುವಾಗಿದ್ದು ಅಲ್ಲಿಂದಲೇ.

ಈ ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಸಿಲೋನ್ ಮೊದಲು ಕಾಫಿ ನಾಡಾಗಿತ್ತು. 1869ರ ಹೊತ್ತಿಗೆ ಅಲ್ಲಿ ಎಲೆ ತುಕ್ಕು ರೋಗ ಬಂತು, ಕೆಲವೇ ವರ್ಷಗಳಲ್ಲಿ ಕಾಫಿ ತೋಟಗಳು ಹಾಳಾದವು. ಅದೇ ರೋಗ ನಮ್ಮ ಕೊಡಗು, ಚಿಕ್ಕಮಗಳೂರಿಗೂ ಬಂದಿತ್ತು, ಆದರೆ ಇಲ್ಲಿ ಕಾಫಿ ಉಳಿಯಿತು. ಅಲ್ಲಿ ಉಳಿಯಲಿಲ್ಲ. ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲಿ ಕ್ಯಾಂಡಿ ಹತ್ತಿರದ ಲೂಲ್‌ಕಂದುರ ತೋಟದಲ್ಲಿ 19 ಎಕರೆ ಟೀ ನೆಟ್ಟಿದ್ದ. ಕಾಫಿ ಸತ್ತ ಮೇಲೆ ಎಲ್ಲರೂ ಆ ದಾರಿ ಹಿಡಿದರು. ಈ ತೋಟಗಳ ಕೆಲಸಕ್ಕೆ ಬ್ರಿಟಿಷರು ಆಗಿನ ಮದ್ರಾಸ್ ಪ್ರಾಂತ್ಯದ ತಮಿಳು ಜಿಲ್ಲೆಗಳಿಂದ ಜನರನ್ನು ಕರೆದೊಯ್ದರು. ಶುರುವಿನ ವರ್ಷಗಳಲ್ಲಿ ಅವರು ಸಮುದ್ರ ದಾಟಿ ಮನ್ನಾರ್ ಕಡೆ ಇಳಿದು, ಕಾಡಿನಲ್ಲಿ ನಡೆದೇ ಬೆಟ್ಟ ಹತ್ತಬೇಕಿತ್ತು. ದಾರಿಯಲ್ಲೇ ಸತ್ತವರು ತುಂಬಾ ಜನ.

ಸಿಲೋನಿಗೆ ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಅಲ್ಲಿನ ಹೊಸ ಪೌರತ್ವ ಕಾನೂನು ಇವರನ್ನು ಹೊರಗಿಟ್ಟಿತು. ಅಲ್ಲೇ ಹುಟ್ಟಿದವರು ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, 3,00,000 ಜನರಿಗೆ ಅಲ್ಲೇ ಪೌರತ್ವ ಕೊಡುವುದು ಎಂದು ಹಂಚಿಕೊಂಡರು. ಮನುಷ್ಯರನ್ನು ಹೀಗೆ ಲೆಕ್ಕ ಹಾಕಿ ಹಂಚಿದ್ದನ್ನು ಓದುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಣ್ಣ ಅಲ್ಲಿ, ತಂಗಿ ಇಲ್ಲಿ ಆದರು. ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದು, ಕೆಲವರು ನೀಲಗಿರಿಯ ಸರಕಾರಿ ಟೀ ತೋಟಗಳಿಗೆ, ಕೆಲವರು ನಮ್ಮ ರಬ್ಬರ್ ತೋಟಗಳಿಗೆ ಸೇರಿದರು. ಗೆಳೆಯನ ಅಜ್ಜಿಯ ಒಬ್ಬ ತಂಗಿ ಅಲ್ಲೇ ಉಳಿದರು. ಅವರ ಮಕ್ಕಳು ಈಗಲೂ ಅದೇ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಯಲ್ಲಿ, ಇರಬಹುದು ಎಂಬುದು ನಮ್ಮ ನಂಬಿಕೆ.

ಸರಿ, ಪ್ಲ್ಯಾನ್ ವಿಷಯಕ್ಕೆ ಬರುತ್ತೇನೆ.

ಮೊದಲು ತಿಂಗಳು. ಇಲ್ಲಿ ತುಂಬಾ ಜನ ಗಮನಿಸದ ಒಂದು ಸಂಗತಿ ಇದೆ. ಆ ಬೆಟ್ಟಗಳ ಎರಡು ಬದಿಗೂ ಮಳೆಗಾಲ ಬೇರೆ ಬೇರೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು, ಅಂದರೆ ನಮಗೆ ಬರುವ ಮಳೆಯೇ, ಪಶ್ಚಿಮದ ಹ್ಯಾಟನ್, ನುವರ ಎಳಿಯ ಬದಿಗೆ ಜೋರಾಗಿ ಹೊಡೆಯುತ್ತದೆ. ಅದೇ ಹೊತ್ತಿನಲ್ಲಿ ಪೂರ್ವದ ಊವ ಬದಿ ಒಣಗಿರುತ್ತದೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಣ ಗಾಳಿ ಬೀಸುತ್ತದೆ. ಊವದ ಅತಿ ಒಳ್ಳೆಯ ಟೀ ಬರುವುದೂ ಆಗಲೇ. ಗಾಳಿಗೆ ಎಲೆ ಒಣಗಿ ಬೆಳವಣಿಗೆ ನಿಧಾನವಾಗಿ ಪರಿಮಳ ಗಟ್ಟಿಯಾಗುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ ಊವಕ್ಕೆ ಮಳೆ. ಹಾಗಾಗಿ ನಮ್ಮ ದಸರಾ ರಜೆ, ಕ್ರಿಸ್‌ಮಸ್ ರಜೆ ಎರಡೂ ಹಪುತಲೆಗೆ ಸರಿಹೊಂದುವುದಿಲ್ಲ. ಏಪ್ರಿಲ್ ರಜೆಯಲ್ಲಿ ಹವೆ ಪರವಾಗಿಲ್ಲ, ಆದರೆ ನಮ್ಮ ಬಿಸು ಹಬ್ಬದ ಹೊತ್ತಿಗೇ ಅವರ ಹೊಸ ವರ್ಷ. ಆಗ ಕೊಲಂಬೊದವರೆಲ್ಲ ನುವರ ಎಳಿಯಕ್ಕೆ ಬರುತ್ತಾರೆ, ಕುದುರೆ ರೇಸು, ಹೂವಿನ ಪ್ರದರ್ಶನ, ರೂಮಿಗೆ ದುಪ್ಪಟ್ಟು ರೇಟು. ಫೆಬ್ರವರಿ, ಮಾರ್ಚ್ ಎರಡೂ ಬದಿಗೆ ಒಳ್ಳೆಯದು. ಮಕ್ಕಳ ಶಾಲೆ ತಪ್ಪುತ್ತದೆ, ಆದರೂ ನಾವು ಫೆಬ್ರವರಿಯನ್ನೇ ಹಿಡಿದೆವು.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಒಂದೂವರೆ ಗಂಟೆ ಅಷ್ಟೇ. ವೀಸಾ ನಿಯಮಗಳನ್ನು ಆ ಸರಕಾರ ಆಗಾಗ ಬದಲಾಯಿಸುತ್ತದೆ. ಟಿಕೆಟ್ ತೆಗೆಯುವ ಮೊದಲು ಅವರ ಅಧಿಕೃತ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಜಾಲತಾಣವನ್ನೇ ನೋಡಿ, ಮಧ್ಯವರ್ತಿಗಳ ಜಾಲತಾಣಗಳಿಗೆ ದುಡ್ಡು ಕೊಡಬೇಡಿ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರು ರೂಪಾಯಿಗಿಂತ ಜಾಸ್ತಿ ಸಿಗುತ್ತದೆ.

ಇನ್ನು ರೈಲು. ಕೊಲಂಬೊ ಫೋರ್ಟ್‌ನಿಂದ ಬದುಲ್ಲಕ್ಕೆ ಹೋಗುವ ಬೆಟ್ಟದ ಹಳಿ ಮೊದಲು ಕಾಫಿ, ಆಮೇಲೆ ಟೀ ಸಾಗಿಸಲಿಕ್ಕೆ ಅಂತ ಹಂತ ಹಂತವಾಗಿ ಹತ್ತಿದ್ದು. 1885ರಲ್ಲಿ ನುವರ ಎಳಿಯದ ಹತ್ತಿರದ ನಾನು ಓಯ, 1894ರಲ್ಲಿ ಬಂಡಾರವೆಲ, ಕೊನೆಗೆ 1924ರಲ್ಲಿ ಬದುಲ್ಲ. ಪಟ್ಟಿಪೊಳ ಸ್ಟೇಷನ್ ಸುಮಾರು 1900 ಮೀಟರ್ ಎತ್ತರದಲ್ಲಿದೆ, ಆ ದೇಶದಲ್ಲೇ ಅತಿ ಎತ್ತರದ್ದು. ಅದು ದಾಟಿದ ಮೇಲೆ ಒಂದು ಸುರಂಗ. ಸುರಂಗದ ಆ ಕಡೆ ಮಂಜು, ಈ ಕಡೆ ಬಿಸಿಲು ಇರುವುದು ಮಾಮೂಲಿ, ಯಾಕೆಂದರೆ ನಾನು ಆಗಲೇ ಹೇಳಿದ ಎರಡು ಮಳೆಗಾಲಗಳ ಗಡಿ ಅದೇ. ಆಮೇಲೆ ಒಹಿಯ, ಇದಲ್ಗಶಿನ್ನ, ಹಪುತಲೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಹಳಿ ನೋಡಿ ಬೆಳೆದವನಿಗೂ ಒಹಿಯದಿಂದ ಹಪುತಲೆವರೆಗಿನ ದಾರಿ ಕಣ್ಣು ಕೀಳಲು ಬಿಡುವುದಿಲ್ಲ. ಘಾಟಿಯಲ್ಲಿ ಕಾಡು ನಮ್ಮನ್ನು ಮುಚ್ಚುತ್ತದೆ, ಇಲ್ಲಿ ಗುಡ್ಡದ ಅಂಚೇ ಕಿಟಕಿ ಪಕ್ಕಕ್ಕೆ ಬರುತ್ತದೆ.

ಒಂದು ಮುಖ್ಯ ಮಾತು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಈ ಬೆಟ್ಟದ ಜಿಲ್ಲೆಗಳನ್ನು ತುಂಬಾ ಕೆಟ್ಟದಾಗಿ ಹೊಡೆಯಿತು. ಗುಡ್ಡ ಕುಸಿದು ನೂರಾರು ಜನ ಸತ್ತರು, ರಸ್ತೆ, ರೈಲು ಹಳಿ ಎರಡಕ್ಕೂ ಪೆಟ್ಟಾಯಿತು. ಆದ್ದರಿಂದ ನೀವು ಹೊರಡುವ ಹೊತ್ತಿಗೆ ರೈಲು ಎಲ್ಲಿಂದ ಎಲ್ಲಿವರೆಗೆ ಓಡುತ್ತಿದೆ ಅಂತ ಉಳಿದುಕೊಳ್ಳುವ ಮನೆಯವರನ್ನೇ ಕೇಳಿ. ಹಾಗಂತ ಆ ಕಡೆ ಹೋಗುವುದೇ ಬೇಡ ಅಂದುಕೊಳ್ಳಬೇಡಿ. ಪ್ರವಾಸಿಗರು ಬಂದರೆ ಅಲ್ಲಿನ ಸಣ್ಣ ಗೆಸ್ಟ್‌ಹೌಸ್, ಆಟೋ, ಹೋಟೆಲಿನವರು ಬದುಕುತ್ತಾರೆ.

ರಿಸರ್ವೇಷನ್ 30 ದಿನ ಮೊದಲು ತೆರೆಯುತ್ತದೆ, ಬೇಗ ಮುಗಿಯುತ್ತದೆ. ಎರಡನೇ ದರ್ಜೆ ಅಥವಾ ಮೂರನೇ ದರ್ಜೆ ತೆಗೆಯಿರಿ, ಕಿಟಕಿ ತೆರೆಯಬಹುದು. ಎಸಿ ಡಬ್ಬಿಯಲ್ಲಿ ಗಾಜಿನ ಹಿಂದೆ ಕೂತು ಹೋದರೆ ಏನು ಚೆಂದ? ಬಾಗಿಲಲ್ಲಿ ನೇತಾಡಿ ಫೋಟೊ ತೆಗೆಸಿಕೊಳ್ಳುವುದನ್ನು ಮಾತ್ರ ಮಾಡಬೇಡಿ, ಆ ಹಳಿಯಲ್ಲಿ ಹಾಗೆ ಬಿದ್ದು ಸತ್ತವರಿದ್ದಾರೆ. ಕೊಲಂಬೊದಿಂದ ಒಂದೇ ಸಲ ಬಂದರೆ ಎಂಟು ಒಂಬತ್ತು ಗಂಟೆ ಹಿಡಿಯುತ್ತದೆ. ಅಮ್ಮ ಜೊತೆಗಿರುವುದರಿಂದ ನಾವು ಕ್ಯಾಂಡಿಯಲ್ಲಿ ಇಳಿದು, ಬುದ್ಧನ ಹಲ್ಲು ಇದೆ ಎನ್ನುವ ದಂತ ಮಂದಿರ ನೋಡಿ, ಮರುದಿನ ಮುಂದಕ್ಕೆ ಹೋಗುತ್ತೇವೆ. ಅಮ್ಮನಿಗೆ ನುವರ ಎಳಿಯ ಹತ್ತಿರದ ಸೀತಾ ಎಳಿಯದಲ್ಲಿರುವ ಸೀತಮ್ಮನ ಗುಡಿ ನೋಡಲೇಬೇಕಂತೆ. ಅಶೋಕವನ ಅದೇ ಜಾಗ ಎಂದು ಅಲ್ಲಿ ನಂಬುತ್ತಾರೆ. ಪಕ್ಕದಲ್ಲೇ ಹಕ್ಗಲ ಸಸ್ಯೋದ್ಯಾನವೂ ಇರುವುದರಿಂದ ಅದಕ್ಕೆ ಅರ್ಧ ದಿನ ಇಟ್ಟಿದ್ದೇವೆ.

ಹಪುತಲೆಯಲ್ಲಿ ಏನು ನೋಡುವುದು? ಲಿಪ್ಟನ್ಸ್ ಸೀಟ್ ಎಲ್ಲರೂ ಹೇಳುವ ಜಾಗ. ಲಿಪ್ಟನ್ ಟೀ ಕಂಪನಿಯ ಥಾಮಸ್ ಲಿಪ್ಟನ್ ತನ್ನ ತೋಟಗಳನ್ನು ನೋಡುತ್ತಾ ಕೂರುತ್ತಿದ್ದ ಗುಡ್ಡದ ತುದಿ ಅದು. ಪೇಟೆಯಿಂದ ದಂಬತೆನ್ನ ಫ್ಯಾಕ್ಟರಿವರೆಗೆ ತೋಟದ ಕೆಲಸಗಾರರು ಓಡಾಡುವ ಬಸ್ಸಿದೆ. ಅಲ್ಲಿಂದ ಮೇಲೆ ಸುಮಾರು 7 ಕಿ.ಮೀ. ತೋಟದ ನಡುವೆ ನಡೆಯಬೇಕು. ಹತ್ತಲಾಗದವರು ಆಟೋ ಮಾಡಿಕೊಂಡು ಮೇಲೆ ಹೋಗಿ, ಇಳಿಯುವಾಗ ನಡೆದು ಬರಬಹುದು. ಬೆಳಗ್ಗೆ ಬೇಗ ಹೋಗಬೇಕು. ಒಂಬತ್ತು ಹತ್ತು ಗಂಟೆಗೆ ಕೆಳಗಿನಿಂದ ಮಂಜು ಎದ್ದು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ದಂಬತೆನ್ನ ಫ್ಯಾಕ್ಟರಿ 1890ರಲ್ಲಿ ಲಿಪ್ಟನ್ನೇ ಕಟ್ಟಿಸಿದ್ದು. ಎಲೆ ಬಾಡಿಸುವುದು, ಉರುಳಿಸಿ ಹಿಂಡುವುದು, ಕಪ್ಪಾಗಲು ಬಿಡುವುದು, ಒಣಗಿಸುವುದು, ಜರಡಿ ಹಿಡಿಯುವುದು, ಎಲ್ಲ ನೋಡಬಹುದು. ಭಾನುವಾರ ಸಾಮಾನ್ಯವಾಗಿ ಕೊಯ್ಲು ಇರುವುದಿಲ್ಲ, ಬೇರೆ ದಿನ ಹೋಗಿ. ಟೀ ಪುಡಿ ತರುವವರಿಗೆ ಒಂದು ಮಾತು: ನಾವು ಮನೆಯಲ್ಲಿ ಹಾಲು ಹಾಕಿ ಕುದಿಸುವುದು ಸಿಟಿಸಿ ಪುಡಿ, ಸಣ್ಣ ಕಾಳಿನಂಥದ್ದು. ಅವರದ್ದು ಹೆಚ್ಚಾಗಿ ಎಲೆ ಸುರುಳಿಯ ಆರ್ಥೊಡಾಕ್ಸ್ ಟೀ. ಅದನ್ನು ಹಾಲಿನಲ್ಲಿ ಕುದಿಸಿದರೆ ರುಚಿಯೇ ಹೋಗುತ್ತದೆ. ಬಿಸಿನೀರಿಗೆ ಹಾಕಿ ಮೂರು ನಾಲ್ಕು ನಿಮಿಷ ಬಿಟ್ಟು, ಸೋಸಿ, ಸುಮ್ನೆ ಹಾಗೇ ಕುಡಿಯಿರಿ. ಅಲ್ಲಿ ಶುಂಠಿ ಹಾಕಿದ ಪ್ಲೇನ್ ಟೀ ಜೊತೆ ಬೆಲ್ಲದ ತುಂಡು ಕಚ್ಚಿಕೊಳ್ಳುತ್ತಾರೆ, ನನಗೆ ಬಹಳ ಹಿಡಿಸಿದೆ.

ಅಡಿಶಮ್ ಬಂಗಲೆ ಕಲ್ಲಿನ ಕಟ್ಟಡ, 1931ರದ್ದು, ಈಗ ಬೆನೆಡಿಕ್ಟಿನ್ ಸನ್ಯಾಸಿಗಳ ಮಠ. ಶನಿವಾರ, ಭಾನುವಾರ ಮತ್ತು ಹುಣ್ಣಿಮೆ ರಜೆಗೆ ಹೊರಗಿನವರನ್ನು ಬಿಡುತ್ತಾರೆ. ಅವರು ಮಾಡುವ ಹಣ್ಣಿನ ಜಾಮ್ ಸಿಕ್ಕಿದರೆ ಬಿಡಬೇಡಿ.

ಸಸ್ಯಾಹಾರಿಗಳಿಗೆ ಕಷ್ಟವಿಲ್ಲ, ಕೇಳುವುದು ಮಾತ್ರ ಮುಖ್ಯ. ತೆಂಗಿನಕಾಯಿ ಚಟ್ನಿಯಂತೆ ಕಾಣುವ ಪೋಲ್ ಸಂಬೋಲಿಗೆ ಒಣಮೀನಿನ ಚೂರು ಹಾಕುವುದುಂಟು, ಮೊದಲೇ ಹೇಳಿ. ಹಪುತಲೆ, ಬಂಡಾರವೆಲದ ತಮಿಳು ಹೋಟೆಲುಗಳಲ್ಲಿ ದೋಸೆ, ಇಡ್ಲಿ ಸಿಗುತ್ತದೆ. ರೈಲಿನಲ್ಲಿ ಮಾರುವ ಪರಿಪ್ಪು ವಡೆ ನಮ್ಮ ಚಟ್ಟಂಬಡೆಯೇ. ಪಕ್ಕದ ಬುಟ್ಟಿಯದ್ದು ಸಿಗಡಿ ವಡೆ, ನೋಡಿ ತೆಗೆದುಕೊಳ್ಳಿ. ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಬೇಕೇ ಬೇಕು. ಮಳೆ ಬಂದಿದ್ದರೆ ತೋಟದ ದಾರಿಯಲ್ಲಿ ಇಂಬಳ ಖಂಡಿತ, ಸ್ವಲ್ಪ ಉಪ್ಪು ಜೊತೆಗಿರಲಿ.

ತೋಟದಲ್ಲಿ ನಡೆಯುವಾಗ ಒಂದು ವಿಷಯ ದಯವಿಟ್ಟು ನೆನಪಿಡಿ. ಅಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಎಲೆ ಕೊಯ್ಯುವ ಹೆಂಗಸರು ಕೆಲಸದಲ್ಲಿರುತ್ತಾರೆ. ದಿನಕ್ಕೆ ಸುಮಾರು 18 ಕೆ.ಜಿ. ಎಲೆ ಕೊಯ್ದರೆ ಮಾತ್ರ ಪೂರ್ತಿ ಕೂಲಿ ಎನ್ನುವ ಲೆಕ್ಕ ಎಷ್ಟೋ ತೋಟಗಳಲ್ಲಿದೆ. ದಿನಕ್ಕೆ 1000 ರೂಪಾಯಿ ಕೂಲಿ ಬೇಕು ಅಂತ ಅವರು ವರ್ಷಗಟ್ಟಲೆ ಕೇಳಿದ ಮೇಲೆ 2021ರಲ್ಲಿ ಅದು ಸಿಕ್ಕಿತು, ಆಗ ನಮ್ಮ ದುಡ್ಡಿನಲ್ಲಿ 400ಕ್ಕೂ ಕಮ್ಮಿ. ಹೇಳದೆ ಕೇಳದೆ ಮುಖದ ಹತ್ತಿರ ಕ್ಯಾಮೆರಾ ಹಿಡಿಯಬೇಡಿ. ಮೊದಲು ಮಾತಾಡಿಸಿ. ತಮಿಳು ಅಲ್ಪಸ್ವಲ್ಪ ಬಂದರೂ ಸಾಕು, ಎಲ್ಲಿಂದ ಬಂದಿರಿ ಅಂತ ಅವರೇ ಕೇಳುತ್ತಾರೆ.

ಗೆಳೆಯನ ಅಜ್ಜಿಯಿಂದ ಎಸ್ಟೇಟಿನ ಹೆಸರು, ಡಿವಿಷನ್ ಹೆಸರು, ತಂಗಿಯ ಮತ್ತು ಅವರ ಗಂಡನ ಹೆಸರು ಎಲ್ಲ ಬರೆಸಿಕೊಂಡಿದ್ದೇವೆ. ಡಿವಿಷನ್ ತುಂಬಾ ಮುಖ್ಯ, ಒಂದೊಂದು ಎಸ್ಟೇಟಿನಲ್ಲಿ ಮೇಲಿನದು, ಕೆಳಗಿನದು ಅಂತ ಬೇರೆ ಬೇರೆ ಇರುತ್ತವೆ, ಲೈನ್ ಮನೆಗಳೂ ದೂರ ದೂರ. ಡಿವಿಷನ್ನಿನ ಮಾರಿಯಮ್ಮನ ಗುಡಿಯಲ್ಲಿ ಮೊದಲು ಕೇಳುವುದು, ಆಮೇಲೆ ಎಸ್ಟೇಟ್ ಆಫೀಸು ಅಂತ ಯೋಚಿಸಿದ್ದೇವೆ. ಇದಕ್ಕಾಗಿಯೇ ಎರಡು ದಿನ ಬೇರೆ ಏನನ್ನೂ ಇಟ್ಟುಕೊಂಡಿಲ್ಲ. ವರ್ಲ್ಡ್ಸ್ ಎಂಡ್ ಎನ್ನುವ ಪ್ರಪಾತ ನೋಡಲು ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕೆಂಬ ಆಸೆ ಮಕ್ಕಳಿಗಿದೆ, ದಿನ ಉಳಿದರೆ ಮಾತ್ರ. ‘ಎಲ್ಲಾ’ದ ಒಂಬತ್ತು ಕಮಾನಿನ ಸೇತುವೆಗೆ ರೈಲಿನಲ್ಲಿ ಒಂದು ಗಂಟೆಯಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದು.

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಿಂದ ಹೀಗೆ ಹಳೆಯ ಎಸ್ಟೇಟ್ ಹುಡುಕಿಕೊಂಡು ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಅಲ್ಲಿ ಯಾರನ್ನು ಕೇಳಿದಿರಿ, ಏನು ಕೈಯಲ್ಲಿ ತೆಗೆದುಕೊಂಡು ಹೋದಿರಿ ಅಂತ ತಿಳಿದರೆ ನಮಗೆ ದೊಡ್ಡ ಉಪಕಾರ. ಜನವರಿಯಲ್ಲಿ ರೈಲು ಟಿಕೆಟ್ ತೆರೆಯುವ ಮೊದಲೇ ಗೊತ್ತಾದರೆ ದಿನಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತೇವೆ.