ತೊಣ್ಣೂರಿಗೆ ಹೊರಟ ಸೈಕಲ್ಲು

ಸಂಕ್ರಾಂತಿಯಾದ ಮೂರನೇ ದಿನ, ಇನ್ನೂ ಕತ್ತಲಿರುವಾಗಲೇ ಮೈಸೂರಿನ ಬನ್ನಿಮಂಟಪ ಬಿಟ್ಟೆ. ಗೇರಿಲ್ಲದ ಹಳೇ ಸೈಕಲ್ಲು, ಬೆನ್ನಿಗೆ ಕ್ಯಾಮೆರಾ ಬ್ಯಾಗು, ಕ್ಯಾರಿಯರ್‌ಗೆ ಕಟ್ಟಿದ ಪಂಪು. ಪಾಂಡವಪುರ ದಾಟಿ ತೊಣ್ಣೂರು ಕೆರೆ ನೋಡಿ ಸಂಜೆಯೊಳಗೆ ಬರುವ ಲೆಕ್ಕ.

ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರ್. ಬಸ್ಸಿನಲ್ಲಿ ನೂರಾರು ಸಲ ಓಡಾಡಿದ್ದರೂ ಮೈಸೂರಿಂದ ಕಾವೇರಿವರೆಗೆ ದಾರಿ ಇಳಿಯುತ್ತಲೇ ಹೋಗುತ್ತದೆ ಅನ್ನೋದು ನನಗೆ ತಿಳಿದಿದ್ದು ಅವತ್ತೇ. ಪೆಡಲ್ ತುಳಿಯುವ ಕೆಲಸವೇ ಕಡಿಮೆ. ಊರು ದಾಟಿ ಹೊಳೆಯ ಉತ್ತರದ ಕವಲಿಗೆ ಬಂದಾಗ ಏಳೂವರೆ.

ಅಲ್ಲಿರುವುದು ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಕಲ್ಲಿನ ಕೆಲಸ. ಕಂಬದ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಕಲ್ಲಿನ ಹಾಸು. ಗಾಳಿಗಿಂತ ನೀರು ಬೆಚ್ಚಗಿರುವ ದಿನಗಳಾದ್ದರಿಂದ ಹೊಳೆ ಮೇಲೆಲ್ಲ ಹಬೆ. ಮಂಜನ್ನು ಕ್ಯಾಮೆರಾದ ಅಂದಾಜಿಗೇ ಬಿಟ್ಟರೆ ಬೂದಿ ಬಣ್ಣಕ್ಕೆ ಇಳಿಸಿಬಿಡುತ್ತದೆ. ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡರಷ್ಟಕ್ಕೆ, ಏರಿಸಿಕೊಂಡೆ. ಕೆಳಗೆ ಒಬ್ಬ ಯಜಮಾನರು ಎತ್ತು ತೊಳೆಯಲು ನೀರಿಗೆ ಇಳಿಸಿದ್ದರು. ಕಿಚ್ಚು ಹಾಯಿಸುವಾಗ ಬಳಿದ ಅರಿಶಿಣ ಅದರ ಬಿಳಿ ಮೈಮೇಲೆ ಇನ್ನೂ ಹಾಗೇ ಇತ್ತು.

"ಫೋಟೋ ಹೊಡೀತೀರಾ? ತಡೀರಿ, ಮೈ ತೊಳ್ದುಬುಡ್ತೀನಿ."

"ಬ್ಯಾಡಿ ಯಜಮಾನ್ರೇ, ಆ ಅರಿಶಿಣವೇ ಚೆಂದ."

"ಹಂಗಾ? ಇರ್ಲಿ ಬುಡಿ," ಅಂದು ಎತ್ತಿನ ಕೊರಳು ಹಿಡಿದು ನಿಂತರು. ಸೂರ್ಯ ಮಂಜು ಹರಿದು ಅವರವರೆಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಇಬ್ಬರೂ ನನಗೋಸ್ಕರ ತಣ್ಣೀರಲ್ಲಿ ನಿಂತಿದ್ದರು. ಆ ಋಣ ಹೇಗೆ ತೀರಿಸಲಿ ಅಂತ ಇವತ್ತಿಗೂ ಯೋಚಿಸುತ್ತೇನೆ. ಪ್ರಿಂಟ್ ಹಾಕಿಸಿ ಕೊಟ್ಟುಬರಬೇಕು.

ಕಿರಂಗೂರು ದಾಟಿ ಪಾಂಡವಪುರದ ದಾರಿ. ಗದ್ದೆ, ಕಬ್ಬು, ಮತ್ತೆ ಕಬ್ಬು. ಆಲೆಮನೆ ಮೊದಲು ಸಿಗುವುದು ಮೂಗಿಗೆ, ಆಮೇಲೆ ಕಣ್ಣಿಗೆ. ವಾಸನೆ ಹಿಡಿದು ಮಣ್ಣುದಾರಿಗೆ ತಿರುಗಿದೆ.

ಗಾಣಕ್ಕೆ ಜಲ್ಲೆ ಕೊಡುತ್ತಿದ್ದ ಹುಡುಗ ಕೇಳುವ ಮೊದಲೇ ಒಂದು ಚೊಂಬು ಕಬ್ಬಿನ ಹಾಲು ಕೈಗಿಟ್ಟ. ಒಳಗೆ ಕೊಪ್ಪರಿಗೆ ಕುದಿಯುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು. ಜಜ್ಜಿದ ಬೆಂಡೆಗಿಡದ ಲೋಳೆ ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆದ್ದು ಬರುತ್ತದೆ, ಅದನ್ನು ಬಾಚಿ ತೆಗೆಯುತ್ತಾರೆ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಸುರಿಯುವವರೂ ಇದ್ದಾರೆ. ಇಲ್ಲಿ ಅದಿರಲಿಲ್ಲ. ಪಾಕ ಗಾಢ ಕಂದು, ನನಗೆ ಬೇಕಿದ್ದ ಬಣ್ಣವೇ ಅದು.

ಬ್ಯಾಗಿನಿಂದ ತೆಗೆದ ತಣ್ಣನೆ ಲೆನ್ಸು ಬಿಸಿ ಹಬೆ ತಗುಲಿ ಮಬ್ಬಾಯಿತು. ಒರೆಸಿದಷ್ಟೂ ಮತ್ತೆ ಕಟ್ಟುತ್ತಿತ್ತು. ಒಲೆಯಿಂದ ದೂರ ಕ್ಯಾಮೆರಾ ಇಟ್ಟು, ಅದು ಬೆಚ್ಚಗಾಗುವವರೆಗೆ ಕಾಯಬೇಕಾಯಿತು. ಹಬೆ ಚಿತ್ರದಲ್ಲಿ ನಿಲ್ಲಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಅದರಾಚೆ ಕತ್ತಲಿರಬೇಕು. ಮಾಡಿನ ಸಂದಿಯಿಂದ ಒಂದು ಕೋಲು ಬಿಸಿಲು ಮಸಿ ಹಿಡಿದ ಗೋಡೆಯ ಮುಂದೆ ಇಳಿಯುತ್ತಿತ್ತು. ಅದು ಕೊಪ್ಪರಿಗೆಗೆ ಸರಿಯಲು ಇನ್ನೂ ಹೊತ್ತಿತ್ತು. ಕೂತೆ. ಮೂರು ಕೊಪ್ಪರಿಗೆ ಇಳಿದವು. ಮೂರನೆಯದಕ್ಕೆ ಬಿಸಿಲು ಬಂತು. ಪಾಕ ತಿರುವುತ್ತಿದ್ದವರ ತೋಳು, ಹಬೆಯ ಒಳಗೆ ಹೊನ್ನಿನ ಗೆರೆ. ನಾಲ್ಕೇ ನಾಲ್ಕು ಚಿತ್ರ ತೆಗೆದೆ.

ಹೊರಗೆ ಬಂದರೆ ಎರಡು ಗಂಟೆ. ತೊಣ್ಣೂರಿಗೆ ಹೋಗಬಹುದಿತ್ತು. ಆದರೆ ಮೋತಿ ತಾಲಾಬ್, ಅಂದರೆ ಮುತ್ತಿನ ಕೆರೆ, ಅನ್ನೋ ಹೆಸರು ಹೊತ್ತ ಆ ತಿಳಿನೀರನ್ನು ನಡುಹಗಲ ಬಿಸಿಲಲ್ಲಿ ತೆಗೆಯುವುದು ನನಗೆ ಇಷ್ಟವಿಲ್ಲ. ಸಂಜೆವರೆಗೆ ನಿಂತರೆ ಸೈಕಲ್ಲಿಗೆ ದೀಪವಿಲ್ಲ. ಎರಡು ಅಚ್ಚು ಬೆಲ್ಲ ಕೊಂಡು ತಿರುಗಿದೆ.

ಬೆಳಗ್ಗೆ ಇಳಿದ ದಾರಿ ಈಗ ಏರು. ಸಿದ್ಧಲಿಂಗಪುರದ ಹತ್ತಿರ ಇಳಿದು ತಳ್ಳಿದೆ. ರಾತ್ರಿ ಬ್ಯಾಗು ಬಿಚ್ಚಿದರೆ ಕ್ಯಾಮೆರಾದ ಪಟ್ಟಿಗೂ ಪಾಕದ ವಾಸನೆ ಹತ್ತಿತ್ತು.